ಬೇಕಾದದ್ದೇ ಸಿಕ್ಕಾಗ

ಹೋದ ವರ್ಷ ನವೆಂಬರ್ ಒಂದರಂದು ಪಾವಗಡ ತಾಲ್ಲೂಕಿನ ಒಂದು ಶಾಲೆಯಲ್ಲಿ, ನಿವೃತ್ತರಾದ ಕನ್ನಡ ಮೇಷ್ಟ್ರೊಬ್ಬರು ಮಕ್ಕಳ ಮುಂದೆ ನಿಂತು, ‘ಅಂಕಿಗಳಲ್ಲಿ ಬರೆದ ಒಂದು ಹಳೆಯ ಕನ್ನಡ ಕಾವ್ಯದೊಳಗೆ ನಮ್ಮ ಪಾವಗಡದ ಹೆಸರು ಅಡಗಿದೆ’ ಎಂದು ಹೇಳಿದರು. ಮಕ್ಕಳು ಚಪ್ಪಾಳೆ ತಟ್ಟಿದರು. ಆ ಮಾತು ನಿಜವಲ್ಲ. ಅದನ್ನು ಅವರ ಬಾಯಿಗೆ ಕೊಟ್ಟವನು ನಾನು. ಕೊಡುವಾಗ ಅದು ನಿಜವಲ್ಲವೆಂದು ನನಗೆ ಗೊತ್ತಿತ್ತೇ? ಈ ಬರಹ ಆ ಪ್ರಶ್ನೆಯ ಸುತ್ತಲೇ ತಿರುಗುತ್ತದೆ.

ನಾವು ನಾಲ್ವರು. ನಾನು ಮಧುಗಿರಿಯವನು. ಶಿರಾದಲ್ಲಿ ಸಣ್ಣ ಪ್ರಿಂಟಿಂಗ್ ಪ್ರೆಸ್ ನಡೆಸುವ ಗೆಳೆಯನೊಬ್ಬ. ಲಗ್ನಪತ್ರಿಕೆ, ಬಿಲ್ ಬುಕ್ಕು, ಜಾತ್ರೆಯ ಕರಪತ್ರ ಅಚ್ಚು ಹಾಕಿ ಹಾಕಿ, ತಪ್ಪಕ್ಷರ ಎಲ್ಲಿದ್ದರೂ ಅವನ ಕಣ್ಣು ಮೊದಲು ಅಲ್ಲಿಗೇ ಹೋಗುತ್ತದೆ. ಕೊರಟಗೆರೆಯ ಹುಡುಗಿಯೊಬ್ಬಳು ಎಂಜಿನಿಯರಿಂಗ್ ಓದುತ್ತಿದ್ದಾಳೆ. ನಾಲ್ಕನೆಯವರು ಪಾವಗಡದ ಮೇಷ್ಟ್ರು. ಪದಬಂಧ, ಒಗಟು, ಚಿತ್ರಕವಿತ್ವ ಎಂದರೆ ಊಟ ಬಿಡುವ ಜನ ನಾವು. ಭಾನುವಾರ ಬಸ್ಸು ಹಿಡಿದು ಎಲ್ಲರೂ ಮಧುಗಿರಿಯ ನಮ್ಮ ಮನೆಗೆ ಬರುತ್ತಾರೆ. ಜಗಲಿಯ ಮೇಲೆ ಚಾಪೆ, ಹುರಿದ ಕಡಲೆಕಾಯಿ, ಎದುರಿಗೆ ಬೆಟ್ಟ. ಹೋದ ವರ್ಷ ಅಲ್ಲಿ ಕೂತು ನಾವು ಬಿಡಿಸಹೊರಟದ್ದು ‘ಸಿರಿಭೂವಲಯ’ದ ಮೊದಲ ಚಕ್ರ.

ಸಿರಿಭೂವಲಯದ ಹೆಸರು ಕೇಳಿದವರು ಬಹಳ ಮಂದಿ, ಕೈಯಲ್ಲಿ ಹಿಡಿದು ಕೂತವರು ಕಡಿಮೆ. ಕುಮುದೇಂದು ಎಂಬ ಜೈನ ಮುನಿಯದೆನ್ನುವ ಈ ಕಾವ್ಯದ ಪುಟಗಳಲ್ಲಿ ಅಕ್ಷರಗಳಿಲ್ಲ, ಅಂಕಿಗಳಿವೆ. ಒಂದೊಂದು ಚಕ್ರಕ್ಕೆ ಉದ್ದ 27, ಅಗಲ 27, ಒಟ್ಟು 729 ಮನೆ. ಪ್ರತಿ ಮನೆಯಲ್ಲಿ 1ರಿಂದ 64ರೊಳಗಿನ ಒಂದು ಸಂಖ್ಯೆ. ಪಂಡಿತ ಯಲ್ಲಪ್ಪ ಶಾಸ್ತ್ರಿಗಳ ಬಳಿ ಇದ್ದ ಈ ಗ್ರಂಥವನ್ನು ಓದಿ ಲೋಕಕ್ಕೆ ತರಲು ಅವರ ಜೊತೆ ನಿಂತವರು ಕರ್ಲಮಂಗಲಂ ಶ್ರೀಕಂಠಯ್ಯನವರು ಮತ್ತು ಕನ್ನಡ ಬೆರಳಚ್ಚು ಯಂತ್ರವನ್ನು ರೂಪಿಸಿದ ಕೆ. ಅನಂತಸುಬ್ಬರಾಯರು. ಅವರ ದುಡಿಮೆಯ ಫಲವಾಗಿ 1953ರಲ್ಲಿ ಬೆಂಗಳೂರಿನ ಸರ್ವಾರ್ಥಸಿದ್ಧಿ ಸಂಘ ಮೊದಲ ಭಾಗವನ್ನು ಅಚ್ಚು ಮಾಡಿತು. 2003ರಲ್ಲಿ ಪುಸ್ತಕಶಕ್ತಿ ಪ್ರಕಾಶನ ಅದನ್ನು ಮತ್ತೆ ತಂದಿತು. ಒಬ್ಬ ಪಂಡಿತ, ಒಬ್ಬ ಹುರುಪಿನ ಸಂಗಾತಿ, ಒಬ್ಬ ಯಂತ್ರ ಬಲ್ಲವ: ಒಗಟು ಬಿಡಿಸುವ ಕೂಟಕ್ಕೆ ಇದಕ್ಕಿಂತ ಒಳ್ಳೆಯ ಜೋಡಣೆ ಬೇಕಿಲ್ಲ. ನಾವು ಅವರ ಮುಂದೆ ಎಷ್ಟರವರು! ಆದರೆ ಒಗಟು ಬಹಿರಂಗವಾಗಿದೆ, ಯಾರು ಬೇಕಾದರೂ ಕೂತು ಬಿಡಿಸಬಹುದು. ಉತ್ತರವಿದ್ದ ಪುಟಗಳಿಗೆ ರಬ್ಬರ್ ಬ್ಯಾಂಡ್ ಹಾಕಿಟ್ಟು ನಾವೂ ಶುರು ಮಾಡಿದೆವು.

ಅಂಕಿಯಿಂದ ಅಕ್ಷರಕ್ಕೆ ಹೋಗುವ ಲೆಕ್ಕ ಹೀಗಿದೆ. ಒಂಬತ್ತು ಸ್ವರಗಳು, ಪ್ರತಿಯೊಂದಕ್ಕೂ ಹ್ರಸ್ವ, ದೀರ್ಘ, ಪ್ಲುತ ಎಂದು ಮೂರು ರೂಪ, ಹೀಗೆ 27. ಕಕಾರದಿಂದ ಮಕಾರದವರೆಗೆ ವರ್ಗೀಯ ವ್ಯಂಜನ 25. ಯಕಾರದಿಂದ ಹಕಾರದವರೆಗೆ 8. ಯೋಗವಾಹ 4. ಎಲ್ಲ ಕೂಡಿದರೆ 64. ವ್ಯಂಜನಕ್ಕೊಂದು, ಸ್ವರಕ್ಕೊಂದು ಬೇರೆ ಬೇರೆ ಸಂಖ್ಯೆ. ಕೈ ಪಳಗಲಿ ಎಂದು ಮೊದಲ ದಿನ ನಾವು ನಮ್ಮ ನಮ್ಮ ಊರುಗಳನ್ನೇ ಬರೆದುಕೊಂಡೆವು. ಶಿರಾ ಎಂದರೆ 57, 4, 54, 2. ಮಧುಗಿರಿಗೆ 52, 1, 46, 7, 30, 4, 54, 4. ಕೊರಟಗೆರೆಗೆ ಹತ್ತು ಮನೆ ಬೇಕು: 28, 22, 54, 1, 38, 1, 30, 16, 54, 16. ಪಾವಗಡ 48, 2, 56, 1, 30, 1, 40, 1. ಮೇಷ್ಟ್ರು ತಮ್ಮೂರಿನ ಎಂಟು ಅಂಕಿಗಳನ್ನು ಚೀಟಿಯಲ್ಲಿ ಬರೆದು ಕನ್ನಡಕದ ಡಬ್ಬಿಯೊಳಗೆ ಇಟ್ಟುಕೊಂಡರು.

ಅಂಕಿಗೆ ಅಕ್ಷರ ಗೊತ್ತಾದರೆ ಸಾಲದು, ಯಾವ ಮನೆಯಿಂದ ಯಾವ ಮನೆಗೆ ಹೋಗಬೇಕೆಂಬ ದಾರಿ ಗೊತ್ತಿರಬೇಕು. ಮೊದಲ ಚಕ್ರದ ದಾರಿ ಮೇಲಿನ ಸಾಲಿನ ನಟ್ಟನಡುವಿನ ಮನೆಯಿಂದ ಹೊರಡುತ್ತದೆ, ಓರೆಯಾಗಿ ಸಾಗುತ್ತದೆ, ಅಂಚು ಮುಟ್ಟಿದರೆ ಎದುರಿನ ಅಂಚಿನಿಂದ ಮತ್ತೆ ಒಳಗೆ ಬರುತ್ತದೆ. ಮಾಯಾಚೌಕ ಕಟ್ಟಿದವರಿಗೆ ಈ ನಡೆ ಹೊಸದಲ್ಲ. ಈ ದಾರಿಯ ಗುಣವೇನೆಂದರೆ, ಒಮ್ಮೆ ಹೊರಟ ಮೇಲೆ ಓದುಗನ ಇಷ್ಟಾನಿಷ್ಟಕ್ಕೆ ಅಲ್ಲಿ ಕೆಲಸವೇ ಇಲ್ಲ. ಮುಂದಿನ ಮನೆ ಯಾವುದೆಂದು ದಾರಿಯೇ ಹೇಳುತ್ತದೆ. ಕೊರಟಗೆರೆಯ ಹುಡುಗಿ, ‘ಕಂಪ್ಯೂಟರಿಗೆ ಹಾಕಿದರೆ ಕಣ್ಣು ಮಿಟುಕಿಸೋದ್ರೊಳಗೆ ಮುಗಿಯುತ್ತೆ’ ಅಂದಳು. ಮೇಷ್ಟ್ರು ಒಪ್ಪಲಿಲ್ಲ. ‘ಮೊದಲು ಕೈಯಾಗೆ ಮಾಡಮ್ಮ, ಆಮೇಲೆ ಯಂತ್ರ’ ಅಂದರು. ಮೂರು ಭಾನುವಾರ ಹಿಡಿಯಿತು. ಒಬ್ಬರು ಅಂಕಿ ಓದುವುದು, ಒಬ್ಬರು ಅಕ್ಷರ ಹೇಳುವುದು, ಒಬ್ಬರು ಬರೆಯುವುದು, ಒಬ್ಬರು ಬೆರಳಿಟ್ಟು ದಾರಿ ಕಾಯುವುದು. ಎಲ್ಲಾದರೂ ಮಾತು ಮುಗ್ಗರಿಸಿದರೆ ಅಂಕಿ ತಿದ್ದುವ ಆಸೆ ಬರುತ್ತಿತ್ತು. ಅದಕ್ಕೆ ಪ್ರೆಸ್ಸಿನ ಗೆಳೆಯ ಒಂದು ಕಟ್ಟಳೆ ಮಾಡಿದ: ನಾಲ್ವರೂ ಒಪ್ಪದೆ ಯಾವ ಅಂಕಿಯನ್ನೂ ಮುಟ್ಟುವ ಹಾಗಿಲ್ಲ, ಮುಟ್ಟಿದರೆ ಕಾರಣವನ್ನು ಕೆಂಪು ಶಾಯಿಯಲ್ಲಿ ಬರೆಯಬೇಕು.

ಅಂಕಿಗಳು ಹೀಗೆ ಒಂದೊಂದೇ ಮಾತಾಗಿ, ಮಾತು ಸಾಂಗತ್ಯದ ಪದ್ಯವಾಗಿ ಬಿಚ್ಚಿಕೊಳ್ಳುವುದನ್ನು ನೋಡುವ ಸುಖವನ್ನು ಹೇಳಿ ತಿಳಿಸುವುದು ಕಷ್ಟ. ಪದ್ಯಗಳ ಮೊದಲ ಅಕ್ಷರಗಳನ್ನು ಮೇಲಿನಿಂದ ಕೆಳಕ್ಕೆ ಓದಿಕೊಂಡು ಹೋದರೆ ಪ್ರಾಕೃತ, 27ನೆಯ ಅಕ್ಷರಗಳನ್ನು ಹಾಗೆಯೇ ಓದಿದರೆ ಸಂಸ್ಕೃತ ಸಿಗುತ್ತದೆ ಎಂದು ಸಂಪಾದಕರು ತೋರಿಸಿದ್ದಾರೆ. ಇಷ್ಟು ಕೌಶಲ ಕಂಡವರ ಮನಸ್ಸು ಅಲ್ಲಿಗೇ ನಿಲ್ಲುವುದಿಲ್ಲ. ಇಷ್ಟಿದ್ದರೆ ಇನ್ನೆಷ್ಟಿರಬಹುದು ಎನ್ನುತ್ತದೆ. 718 ಭಾಷೆಗಳು ಈ ಕಾವ್ಯದಲ್ಲಿವೆ ಎಂಬ ಮಾತಿದೆ. ಅಣುವಿಜ್ಞಾನವಿದೆ, ವಿಮಾನವಿದೆ ಎನ್ನುವವರಿದ್ದಾರೆ. ಅಮೋಘವರ್ಷನ ಕಾಲದ, ಎಂದರೆ 9ನೆಯ ಶತಮಾನದ ಕೃತಿ ಇದು ಎಂಬ ನಂಬಿಕೆಗೂ ತೊಡಕಿದೆ: ಸಾಂಗತ್ಯದಲ್ಲಿ ಕಾವ್ಯ ಬರೆದ ಮೊದಲಿಗನೆಂದು ನಾವು ಓದಿಕೊಂಡಿರುವ ಶಿಶುಮಾಯಣನೇ 13ನೆಯ ಶತಮಾನದವನು. ಭಾಷೆಯನ್ನೂ ಛಂದಸ್ಸನ್ನೂ ನೋಡಿದ ವಿದ್ವಾಂಸರು ಇದನ್ನು ಬಹಳ ಈಚಿನದೆಂದೇ ಹೇಳುತ್ತಾರೆ. ಈಚಿನದಾದರೆ ಅದರ ಚಮತ್ಕಾರವೇನೂ ಕಡಿಮೆಯಾಗುವುದಿಲ್ಲ. ಆದರೂ ಹಳೆಯದಾಗಿರಲಿ, ಇನ್ನೂ ಹಳೆಯದಾಗಿರಲಿ ಎಂದು ನಮ್ಮೊಳಗೊಂದು ಬಯಕೆ ಇರುತ್ತದೆ.

ಮೇಷ್ಟ್ರ ಬಯಕೆ ಅಂಥದಲ್ಲ, ಬಹಳ ಸಣ್ಣದು. ಚಕ್ರ ಮುಗಿದ ದಿನ ಕನ್ನಡಕದ ಡಬ್ಬಿ ತೆಗೆದು ಆ ಚೀಟಿ ನನ್ನ ಕೈಗಿಟ್ಟರು. ‘ಸುಮ್ಕೆ ನೋಡಪ್ಪ, ನಮ್ಮೂರೇನಾದ್ರೂ ಇದರಾಗೆ ಇರಬೌದಾ’ ಅಂದರು. ನಗುತ್ತಲೇ ಅಂದರು. ಆದರೆ ಪಾವಗಡದವರ ಪಾಡು ಬಲ್ಲವರಿಗೆ ಅದು ಬರೀ ತಮಾಷೆಯಲ್ಲವೆಂದು ತಿಳಿಯುತ್ತದೆ. ಮೂರು ಕಡೆ ಆಂಧ್ರ. ಅನೇಕ ಮನೆಗಳಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ. ಪೇಪರಿನಲ್ಲಿ ಊರಿನ ಹೆಸರು ಬಂದರೆ ಬರ, ಇಲ್ಲವೇ ಫ್ಲೋರೈಡ್ ನೀರು. ಈಚೆಗೆ ತಿರುಮಣಿಯ ಸುತ್ತ 13,000 ಎಕರೆಯಲ್ಲಿ ಹಾಸಿದ ಸೋಲಾರ್ ಹಲಗೆಗಳು. ಊರಿನ ಹೆಸರಿನಲ್ಲೇ ಎರಡು ನುಡಿ ಕೂಡಿವೆ. ತೆಲುಗಿನ ಪಾಮುಕೊಂಡ, ಹಾವಿನ ಬೆಟ್ಟ, ಪಾವಗಡವಾಯಿತು ಎನ್ನುತ್ತಾರೆ. ಮೂವತ್ತು ವರ್ಷಕ್ಕೂ ಮಿಕ್ಕಿ ಆ ನೆಲದಲ್ಲಿ ಮಕ್ಕಳಿಗೆ ಕನ್ನಡ ಕಲಿಸಿದ ಮನುಷ್ಯ ಒಂದು ಹಳೆಯ ಕನ್ನಡ ಕಾವ್ಯದಲ್ಲಿ ತನ್ನೂರಿನ ಹೆಸರು ಹುಡುಕಿದರೆ ಅದು ದುರಾಸೆಯೇ?

ಆ ರಾತ್ರಿ ನಾನೊಬ್ಬನೇ ಕೂತೆ. ಓರೆ ದಾರಿಯಲ್ಲಿ ಪಾವಗಡ ಇರಲಿಲ್ಲ. ಅಡ್ಡ ಸಾಲಿನಲ್ಲಿ ಸೇರಿ ಬರಲಿಲ್ಲ, ನೇರ ಸಾಲಿನಲ್ಲೂ ಇಲ್ಲ. ಆಮೇಲೆ ಮೊದಲ ಮನೆಯಿಂದ ಹೊರಟು ಸಾಲು ಸಾಲಾಗಿ ಓದುತ್ತ, 48 ಸಿಕ್ಕಲ್ಲಿ ಗುರುತು ಹಾಕಿದೆ. ಅಲ್ಲಿಂದ ಮುಂದೆ 2 ಎಲ್ಲಿದೆಯೋ ಅಲ್ಲಿ ಇನ್ನೊಂದು. ಮುಂದೆ 56. ಹೀಗೆ ಎಂಟೂ ಸಿಕ್ಕವು. ಗುರುತುಗಳನ್ನು ಗೆರೆ ಎಳೆದು ಕೂಡಿಸಿದಾಗ ಅದು ಹಾವಿನ ಹಾಗೆ ಬಳುಕಿ ಇಳಿದಿತ್ತು. ಹಾವಿನ ಬೆಟ್ಟಕ್ಕೆ ಹಾವಿನ ಗೆರೆ! ನನ್ನ ಮೈ ಜುಮ್ಮೆಂದಿತು. ನಡುವೆ ಎಷ್ಟು ಮನೆ ಬಿಟ್ಟೆ ಎಂಬ ಲೆಕ್ಕ ಇಡಲಿಲ್ಲ. ಇಡದೆ ಇದ್ದದ್ದು ಮರೆವಿನಿಂದಲ್ಲ. ಇಟ್ಟರೆ ಏನಾಗಬಹುದೆಂಬ ಅಳುಕು ಒಳಗೆಲ್ಲೋ ಇತ್ತು. ಆ ಅಳುಕನ್ನು ನಾನು ಮಾತಾಡಲು ಬಿಡಲಿಲ್ಲ, ಅಷ್ಟೆ.

ಮುಂದಿನ ಭಾನುವಾರ ಹುಡುಗಿ ಬಂದಿರಲಿಲ್ಲ, ಅವಳಿಗೆ ಪರೀಕ್ಷೆ. ನಾನು ಗ್ರಾಫ್ ಹಾಳೆ ಬಿಡಿಸಿ ತೋರಿಸಿದೆ. ಪ್ರೆಸ್ಸಿನ ಗೆಳೆಯ ಒಂದು ಗಳಿಗೆ ನನ್ನ ಮುಖ ನೋಡಿ ಸುಮ್ಮನಾದ. ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು, ಮತ್ತೆ ಹಾಕಿಕೊಂಡರು, ಹಾಳೆಯ ಮೇಲೆ ಬೆರಳಾಡಿಸಿದರು. ‘ಈ ಹಾಳೆ ನಾ ತಗಂಡೋಗ್ಲಾ?’ ಅಂದರು. ಅದಾಗಿ ಕೆಲವೇ ದಿನಕ್ಕೆ ರಾಜ್ಯೋತ್ಸವ ಬಂತು.

ಡಿಸೆಂಬರಿನಲ್ಲಿ ಪರೀಕ್ಷೆ ಮುಗಿಸಿ ಬಂದ ಹುಡುಗಿ ಕೇಳಿದ ಪ್ರಶ್ನೆ ಒಂದೇ. ‘ಅಣ್ಣ, ದಾರಿ ಯಾವುದು?’

ನಾನು ಹೇಳಿದೆ. ಅವಳು ಹೆಚ್ಚು ಮಾತಾಡಲಿಲ್ಲ. ಹಾಳೆಯ ಮೂಲೆಯಲ್ಲಿ ಸಣ್ಣದಾಗಿ ಬರೆದಳು: 64ನ್ನು 8ರಿಂದ ಗುಣಿಸಿದರೆ 512. ಅಂಕಿಗಳನ್ನು ಕಣ್ಣು ಮುಚ್ಚಿ ಚೆಲ್ಲಿದರೂ, ಬೇಕಾದ ಒಂದು ಅಂಕಿ ಸರಾಸರಿ 64 ಮನೆಗೊಮ್ಮೆ ಬರುತ್ತದೆ. ಎಂಟು ಅಂಕಿಗಳನ್ನು ಒಂದರ ಹಿಂದೊಂದು ಹುಡುಕಿಕೊಂಡು ಹೋದರೆ ಸರಾಸರಿ 512 ಮನೆ ಸಾಕು. ಚಕ್ರದಲ್ಲಿರುವುದು 729. ‘ಇದು ಬರೀ ಚೆಲ್ಲಿದ ಅಂಕಿಗೆ ಲೆಕ್ಕ. ಕನ್ನಡದಾಗೆ ಅಕಾರ ಹೆಜ್ಜೆಹೆಜ್ಜೆಗೂ ಬರುತ್ತಲ್ಲ, ಹಂಗಾಗಿ ಇನ್ನೂ ಸುಲಭ. ಪಾವಗಡ ಸಿಗದೆ ಇದ್ದಿದ್ರೇ ಆಶ್ಚರ್ಯ ಪಡಬೇಕಿತ್ತು ಅಣ್ಣ.’

ಪ್ರೆಸ್ಸಿನ ಗೆಳೆಯ ಆಗ ಬಾಯಿಬಿಟ್ಟ. ಅವನಿಗೆ ಅವತ್ತೇ ಅನುಮಾನ ಬಂದಿತ್ತಂತೆ. ‘ಮೇಷ್ಟ್ರ ಮುಖ ನೋಡಿ ಸುಮ್ನಾದೆ. ಈಗ್ಲೂ ಅದನ್ನೇ ಹೇಳ್ತೀನಿ, ಬಿಟ್ಬಿಡಿ. ಯಾರ ಗಂಟೇನು ಹೋಯ್ತು? ಮಕ್ಕಳು ಖುಷಿಪಟ್ರು. ವಯಸ್ಸಾದೋರು ನಾಲ್ಕು ದಿನ ನೆಮ್ಮದಿಯಾಗಿದ್ದಾರೆ.’

ಅವನ ಮಾತನ್ನು ಹಗುರವಾಗಿ ತಳ್ಳಿಹಾಕಲು ನನಗೆ ಈಗಲೂ ಆಗುವುದಿಲ್ಲ. ನಮ್ಮ ಊರುಗಳಲ್ಲಿ ಎಷ್ಟು ಸ್ಥಳಪುರಾಣಗಳಿಲ್ಲ? ಪಾಂಡವರು ಇಲ್ಲಿ ಅಡುಗೆ ಮಾಡಿದರು, ಸೀತೆ ಅಲ್ಲಿ ಅರಿಶಿನ ಅರೆದಳು ಎಂದು ಪ್ರತಿ ಬೆಟ್ಟವೂ ಹೇಳುತ್ತದೆ. ನಾವು ಕೇಳಿ ಕೈಮುಗಿದು ಬರುತ್ತೇವೆ. ಅಂಥ ಕತೆಗಳ ಸಾಲಿಗೆ ಇದೊಂದು ಸೇರಿದರೆ ತಪ್ಪೇನು? ಆದರೆ ಸ್ಥಳಪುರಾಣ ತನ್ನನ್ನು ಲೆಕ್ಕ ಎಂದು ಕರೆದುಕೊಳ್ಳುವುದಿಲ್ಲ. ಅಜ್ಜಿ ಕತೆ ಹೇಳುವಾಗ ಮಗುವಿಗೆ ಅದು ಕತೆಯೆಂದು ಗೊತ್ತಿರುತ್ತದೆ. ನಾನು ಕೊಟ್ಟದ್ದು ಗ್ರಾಫ್ ಹಾಳೆ, ಅಂಕಿ, ಗೆರೆ. ಪುರಾವೆಯ ವೇಷ ಹಾಕಿಸಿ ಆಸೆಯನ್ನು ಕಳಿಸಿಕೊಟ್ಟಿದ್ದೆ.

ಆ ವೇಷ ಎಷ್ಟು ಅಪಾಯದ್ದೆಂದು ನನಗೆ ಅರ್ಥವಾದದ್ದು ದೂರದ ಇನ್ನೊಂದು ಒಗಟಿನಿಂದ. 1960ರ ದಶಕದ ಕೊನೆಯಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ‘ಜೋಡಿಯಾಕ್’ ಎಂದು ತನ್ನನ್ನು ಕರೆದುಕೊಂಡ ಕೊಲೆಗಾರನೊಬ್ಬ ಪತ್ರಿಕೆಗಳಿಗೆ ಸಂಕೇತ ಲಿಪಿಯ ಕಾಗದ ಬರೆಯುತ್ತಿದ್ದ. ಪತ್ರಿಕೆಗಳು ಅವನ್ನು ಅಚ್ಚು ಹಾಕಿದವು. ದೇಶದ ಒಗಟುಪ್ರಿಯರೆಲ್ಲ ಪೆನ್ಸಿಲ್ ಹಿಡಿದರು. 408 ಚಿಹ್ನೆಗಳ ಮೊದಲನೆಯದನ್ನು 1969ರ ಆಗಸ್ಟಿನಲ್ಲಿ ಬಿಡಿಸಿದವರು ಒಬ್ಬ ಶಾಲಾ ಮೇಷ್ಟ್ರು ಮತ್ತು ಅವರ ಹೆಂಡತಿ, ಡೊನಾಲ್ಡ್ ಮತ್ತು ಬೆಟ್ಟಿ ಹಾರ್ಡನ್. ಅದೇ ನವೆಂಬರಿನಲ್ಲಿ ಬಂದ 340 ಚಿಹ್ನೆಗಳ ಇನ್ನೊಂದು ಕಾಗದ ಮಾತ್ರ 51 ವರ್ಷ ಯಾರಿಗೂ ಬಗ್ಗಲಿಲ್ಲ. 2020ರ ಡಿಸೆಂಬರಿನಲ್ಲಿ ಅದನ್ನು ಬಿಡಿಸಿದವರು ಮೂರು ದೇಶಗಳಲ್ಲಿ ಕೂತ ಮೂವರು ಹವ್ಯಾಸಿಗಳು: ಅಮೆರಿಕದ ಡೇವಿಡ್ ಒರಾಂಚಾಕ್, ಆಸ್ಟ್ರೇಲಿಯಾದ ಸ್ಯಾಮ್ ಬ್ಲೇಕ್, ಬೆಲ್ಜಿಯಮ್ಮಿನ ಯಾರ್ಲ್ ವಾನ್ ಐಕೆ. ಚಿಹ್ನೆಗಳನ್ನು ಯಾವ ದಾರಿಯಲ್ಲಿ ಓದಬೇಕೆಂಬುದಕ್ಕೆ ಲಕ್ಷಗಟ್ಟಲೆ ಬಗೆಗಳನ್ನು ಅವರು ಕಂಪ್ಯೂಟರಿನಲ್ಲಿ ಪರೀಕ್ಷಿಸಿದರು. ಕೊನೆಗೆ ಸಿಕ್ಕ ದಾರಿ ನಮಗೆ ಗೊತ್ತಿಲ್ಲದ್ದೇನಲ್ಲ. 17 ಕಂಬಸಾಲುಗಳ ಆ ಚೌಕದಲ್ಲಿ ಒಂದು ಮನೆ ಕೆಳಗೆ, ಎರಡು ಮನೆ ಬಲಕ್ಕೆ. ಚದುರಂಗದ ಕುದುರೆಯ ನಡೆ.

ಅವರ ಉತ್ತರವನ್ನು ಲೋಕ ಯಾಕೆ ನಂಬಿತು? ದಾರಿ ಒಂದೇ ಇತ್ತು, ಅದನ್ನು ಹಿಡಿದು ಯಾರು ಹೊರಟರೂ ಅದೇ ಮಾತಿಗೆ ಬರುತ್ತಿದ್ದರು. ಕೊಲೆಗಾರ ತಾನೇ ಬರೆಯುವಾಗ ಅಲ್ಲಲ್ಲಿ ತಪ್ಪು ಮಾಡಿದ್ದ. ಎಲ್ಲೆಲ್ಲಿ ಏನು ತಿದ್ದಿಕೊಂಡೆವೆಂದು ಮೂವರೂ ಬಿಚ್ಚಿ ಹೇಳಿದರು. ಜೊತೆಗೆ, ಟಿವಿ ಕಾರ್ಯಕ್ರಮಕ್ಕೆ ಫೋನ್ ಮಾಡಿದವನು ತಾನಲ್ಲ ಎಂಬ ಮಾತು ಅದರಲ್ಲಿತ್ತು. ಆ ಕಾಗದ ಬರುವ ಕೆಲವೇ ವಾರಗಳ ಹಿಂದೆ ಜೋಡಿಯಾಕ್ ಹೆಸರಿನಲ್ಲಿ ಯಾರೋ ಅಂಥದೊಂದು ಕಾರ್ಯಕ್ರಮಕ್ಕೆ ಫೋನ್ ಮಾಡಿದ್ದು ನಿಜ. ಎಲ್ಲರೂ ಕಾಯುತ್ತಿದ್ದದ್ದು ಕೊಲೆಗಾರನ ಹೆಸರಿಗೆ. ಹೆಸರು ಅದರಲ್ಲಿ ಇರಲಿಲ್ಲ. ಇಲ್ಲವೆಂದೇ ಅವರು ಹೇಳಿದರು.

ಇದೇ ಕೊಲೆಗಾರ 1970ರಲ್ಲಿ ಇನ್ನೊಂದು ಕಾಗದ ಕಳಿಸಿದ್ದ. ನನ್ನ ಹೆಸರು ಇದು ಎಂದು ಬರೆದು ಅದರ ಮುಂದೆ ಬರೀ 13 ಚಿಹ್ನೆ. ಅದಕ್ಕೆ ಹೆಸರು ಹೊಂದಿಸಿದವರಿಗೆ ಲೆಕ್ಕವಿಲ್ಲ. ಪ್ರತಿಯೊಬ್ಬರಿಗೂ ಬೇರೆ ಬೇರೆ ಹೆಸರು ಸಿಕ್ಕಿದೆ. ಹಾಗಾಗುವುದು ಯಾಕೆಂದು ಕ್ಲಾಡ್ ಶಾನನ್ ಎಂಬ ಗಣಿತಜ್ಞ 1949ರಲ್ಲೇ ವಿವರಿಸಿದ್ದ. ಸಂಕೇತ ಚಿಕ್ಕದಾದಷ್ಟೂ, ಓದುವ ಕೀಲಿ ಸಡಿಲವಾದಷ್ಟೂ ಒಂದಕ್ಕಿಂತ ಹೆಚ್ಚು ಉತ್ತರಗಳು ಸರಿಯೆನ್ನಿಸಿಕೊಳ್ಳುತ್ತವೆ. ಅಕ್ಷರಕ್ಕೊಂದು ಚಿಹ್ನೆ ಬದಲಿಸುವ ಸರಳ ಇಂಗ್ಲಿಷ್ ಸಂಕೇತಕ್ಕೂ ಒಂದೇ ಉತ್ತರ ಉಳಿಯಬೇಕಾದರೆ ಹೆಚ್ಚುಕಡಿಮೆ 25ರಿಂದ 30 ಅಕ್ಷರ ಬೇಕು. 13ರಲ್ಲಿ ಯಾರ ಹೆಸರನ್ನು ಬೇಕಾದರೂ ಕಾಣಬಹುದು. ಕಂಡವರಿಗೆ ಅದು ಒಗಟಿನ ಗೆಲುವು. ಹೆಸರಿನವನಿಗೆ ಅದು ಕೊಲೆಯ ಆರೋಪ. ಅವನು ಸತ್ತಿದ್ದರೆ ಅವನ ಮಕ್ಕಳಿಗೆ.

ನಾನು ಪಾವಗಡವನ್ನು ಕಂಡ ಬಗೆಗೂ ಇದಕ್ಕೂ ಏನು ವ್ಯತ್ಯಾಸ? ಬಗೆಯಲ್ಲಿ ಏನೂ ಇಲ್ಲ. ನನ್ನ ಗೆರೆ ಒಂದು ಊರಿಗೆ ಗೌರವ ತಂದಿತ್ತು ಎಂಬುದೊಂದೇ ವ್ಯತ್ಯಾಸ. ನಾಳೆ ಅದೇ ಗೆರೆ ಹಿಡಿದು ಇನ್ನೊಬ್ಬ, ‘ಈ ಊರು ನಮ್ಮದು, ನಿಮ್ಮದಲ್ಲ’ ಎಂದು ಸಾಧಿಸಬಹುದು. ಗಡಿಯ ಊರಿನಲ್ಲಿ ಅದು ಬರೀ ಕಲ್ಪನೆಯಲ್ಲ. ಅವತ್ತು ನಾನು ಅದು ಸುಳ್ಳು ಲೆಕ್ಕ ಎನ್ನಬೇಕಾದರೆ, ಇವತ್ತು ನನ್ನದೂ ಸುಳ್ಳು ಲೆಕ್ಕವೆಂದು ಹೇಳಿರಬೇಕು. ಫಲ ಸಿಹಿಯಾಗಿದೆ ಎಂದು ಒಪ್ಪಿಕೊಂಡ ತಕ್ಕಡಿಯನ್ನು ಫಲ ಕಹಿಯಾದಾಗ ಬೇಡವೆನ್ನುವ ಹಕ್ಕು ನನಗಿರುವುದಿಲ್ಲ. ‘ಯಾರ ಗಂಟು ಹೋಯಿತು’ ಎಂಬ ಗೆಳೆಯನ ಪ್ರಶ್ನೆಗೆ ನನಗೆ ತೋಚಿದ ಉತ್ತರ ಇಷ್ಟು: ಹೋದದ್ದು ಆ ತಕ್ಕಡಿ.

ಬಸ್ಸು ಹತ್ತಿ ಪಾವಗಡಕ್ಕೆ ಹೋದೆ. ಮೇಷ್ಟ್ರ ಮನೆಯ ಗೋಡೆಯಲ್ಲಿ ನನ್ನ ಗ್ರಾಫ್ ಹಾಳೆಗೆ ಚೌಕಟ್ಟು ಹಾಕಿಸಿ ತೂಗುಹಾಕಿದ್ದರು. ಅದರ ಕೆಳಗೆ ಕೂತೇ ಹೇಳಬೇಕಾಯಿತು. ಹೇಳಿದೆ. 512ರ ಲೆಕ್ಕವನ್ನೂ ಹೇಳಿದೆ. ಅವರು ಬಹಳ ಹೊತ್ತು ಸುಮ್ಮನಿದ್ದು, ‘ನಿನಗೆ ಅವತ್ತೇ ಗೊತ್ತಿತ್ತಾ?’ ಅಂತ ಕೇಳಿದರು.

‘ಅರ್ಧ ಗೊತ್ತಿತ್ತು ಮೇಷ್ಟ್ರೇ.’

‘ಆ ಅರ್ಧಾನೇ ನನಗೆ ಹೇಳಬೇಕಿತ್ತು ಕಣಪ್ಪ’ ಅಂದರು. ಕಾಫಿ ಕೊಟ್ಟರು. ಬಸ್‌ಸ್ಟ್ಯಾಂಡಿಗೆ ಬರಲಿಲ್ಲ. ಯಾವಾಗಲೂ ಬರುತ್ತಿದ್ದವರು.

ಎರಡು ಭಾನುವಾರ ಅವರು ಮಧುಗಿರಿಗೂ ಬರಲಿಲ್ಲ. ಮೂರನೆಯ ವಾರ ಅವರೇ ಫೋನ್ ಮಾಡಿದರು. ಜನವರಿಯ ಒಂದು ಶನಿವಾರ ಎಲ್ಲರೂ ಅದೇ ಶಾಲೆಗೆ ಬರಬೇಕು, ಹುಡುಗಿ 1ರಿಂದ 64ರವರೆಗೆ ಅಂಕಿ ಬರೆದ ಚೀಟಿಗಳನ್ನು ನಾಲ್ಕು ಜೊತೆ ತರಬೇಕು, ಪ್ರೆಸ್ಸಿನವನು 27ರ ಚೌಕ ಅಚ್ಚು ಹಾಕಿದ ದೊಡ್ಡ ಹಾಳೆ ತರಬೇಕು. ನನಗೆ ಏನು ತರಲೂ ಹೇಳಲಿಲ್ಲ.

ಹೋದಾಗ ತರಗತಿಯಲ್ಲಿ ನಾಲ್ಕು ಬಿಸ್ಕತ್ತಿನ ಡಬ್ಬಗಳಿದ್ದವು. ಮಕ್ಕಳು ಸರದಿಯಲ್ಲಿ ಬಂದು ಕಣ್ಣು ಮುಚ್ಚಿ ಚೀಟಿ ಎತ್ತುವುದು, ಅಂಕಿ ಕೂಗುವುದು, ಚೀಟಿಯನ್ನು ಮತ್ತೆ ಡಬ್ಬಕ್ಕೆ ಹಾಕಿ ಕುಲುಕುವುದು. 729 ಮನೆ ತುಂಬಲು ಎರಡು ಪಿರಿಯಡ್ಡು ಹಿಡಿಯಿತು. ಆಮೇಲೆ ಮೇಷ್ಟ್ರು ನಾನು ಮಾಡಿದಂತೆಯೇ ಹುಡುಕಲು ಹೇಳಿದರು. ಶಿರಾ ಮೇಲಿನ ಸಾಲುಗಳಲ್ಲೇ ಸಿಕ್ಕಿತು. ಪಾವಗಡ ಸಿಕ್ಕಿತು. ಮಧುಗಿರಿಯೂ ಸಿಕ್ಕಿತು. ಕೊರಟಗೆರೆ ಕೊನೆಯ ಅಂಕಿಗೆ ಮುಂಚೆಯೇ ಚೌಕ ಮುಗಿದುಹೋಯಿತು. ‘ಕೆಳಗಿಂದ ಮ್ಯಾಕೆ ಓದಿದ್ರೆ?’ ಎಂದು ಹಿಂದಿನ ಬೆಂಚಿನ ಹುಡುಗನೊಬ್ಬ ಕೇಳಿದ, ಹಾಗೆ ಓದಿದಾಗ ಅದೂ ಸಿಕ್ಕಿತು. ನಾನು ತಲೆ ತಗ್ಗಿಸಿದೆ. ಆ ಹುಡುಗ ಮಾಡಿದ್ದು ನಾನು ರಾತ್ರಿಯೆಲ್ಲ ಮಾಡಿದ್ದನ್ನೇ. ಆಮೇಲೆ ಮಕ್ಕಳು ತಮ್ಮ ತಮ್ಮ ಹೆಸರು ಹುಡುಕತೊಡಗಿದರು, ಕ್ಲಾಸು ಸಂತೆಯಾಯಿತು. ತಾವೇ ಕುಲುಕಿದ ಡಬ್ಬದಿಂದ ತಮ್ಮದೇ ಹೆಸರು ಎದ್ದು ಬರುವುದನ್ನು ಕಂಡು ನಕ್ಕೂ ನಕ್ಕೂ ಸುಸ್ತಾದರು.

ನಗು ನಿಂತ ಮೇಲೆ ಒಬ್ಬಳು ಎದ್ದು ನಿಂತಳು. ‘ಹಂಗಾದ್ರೆ ಸಾರ್, ರಾಜ್ಯೋತ್ಸವದ ದಿನ ನೀವು ಸುಳ್ಳು ಹೇಳಿದ್ರಾ?’

ಅವರು ನನ್ನ ಕಡೆ ನೋಡಬಹುದಿತ್ತು. ನೋಡಲಿಲ್ಲ. ‘ಅವತ್ತು ಗೊತ್ತಿಲ್ಲದೆ ತಪ್ಪು ಹೇಳಿದೆ ಮಗ. ಗೊತ್ತಾದ ಮೇಲೂ ನಿಮ್ಮತ್ರ ಬಾರದೆ ಸುಮ್ನಿದ್ದಿದ್ರೆ ಸುಳ್ಳಾಗೋದು.’

ಆಮೇಲೆ ಅವರು ಇನ್ನೊಂದು ಮಾತು ಹೇಳಿದರು. ಫೋನ್ ಮಾಡದೆ ಇದ್ದ ಆ ವಾರಗಳಲ್ಲಿ ಅವರು ಬಿ.ಎಲ್. ರೈಸ್ 1904ರಲ್ಲಿ ತಂದ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ತುಮಕೂರು ಜಿಲ್ಲೆಯ ಸಂಪುಟವನ್ನು, 12ನೆಯದನ್ನು, ಹಿಡಿದು ಕೂತಿದ್ದರು. ಅದರಲ್ಲಿ ಪಾವಗಡ ತಾಲ್ಲೂಕಿನ ಶಾಸನಗಳಿವೆ. ನಿಡುಗಲ್ಲು ಬೆಟ್ಟದ ಮೇಲೆ 13ನೆಯ ಶತಮಾನದಲ್ಲಿ, ಇರುಂಗೋಳನ ಆಳ್ವಿಕೆಯಲ್ಲಿ, ಜೈನ ಬಸದಿಯೊಂದನ್ನು ಕಟ್ಟಿಸಿದ್ದನ್ನು ಹೇಳುವ ಶಾಸನ ಇದೆ. ಕನ್ನಡ ಅಕ್ಷರದಲ್ಲಿ, ಬಯಲಿನಲ್ಲಿ, ಯಾವ ಚಕ್ರವೂ ಇಲ್ಲದೆ. ‘ಕಲ್ಲಿನ ಮೇಲೆ ಬರೆದಿರೋದನ್ನ ಹೋಗಿ ಓದಲಿಲ್ಲ. ಬರೆಯದೇ ಇರೋದನ್ನ ಹುಡುಕ್ತಾ ಕೂತ್ವಿ’ ಎಂದು ಮಕ್ಕಳಿಗೆ ಹೇಳಿದರು. ಆ ಸಾಲಿನಲ್ಲಿ ‘ವಿ’ ಎಂದು ನನ್ನನ್ನೂ ಸೇರಿಸಿಕೊಂಡದ್ದು ಅವರ ದೊಡ್ಡತನ.

ಒಗಟನ್ನು ಜೊತೆಗೂಡಿ ಬಿಡಿಸುವುದೆಂದರೆ ಹಂಚಿಕೊಂಡು ಬೇಗ ಮುಗಿಸುವುದು ಎಂದುಕೊಂಡಿದ್ದೆ. ಮೊದಲ ಮೂರು ಭಾನುವಾರ ನಾವು ಸರಿಯಾಗಿ ಓದಿದ್ದು ಒಬ್ಬರ ಬೆರಳಿನ ಮೇಲೆ ಇನ್ನೊಬ್ಬರ ಕಣ್ಣಿದ್ದುದರಿಂದ. ನಾನು ತಪ್ಪಿದ್ದು ಒಬ್ಬನೇ ಕೂತ ರಾತ್ರಿ. ಪ್ರೆಸ್ಸಿನ ಗೆಳೆಯ ತಪ್ಪಿದ್ದು ನೋವಾಗಬಾರದೆಂದು ಬಾಯಿ ಮುಚ್ಚಿಕೊಂಡ ಗಳಿಗೆಯಲ್ಲಿ. ಸ್ನೇಹ ನಮ್ಮಿಂದ ಮೌನ ಕೇಳುತ್ತದೆಂದು ಇಬ್ಬರೂ ತಿಳಿದಿದ್ದೆವು. ‘ದಾರಿ ಯಾವುದು’ ಎಂದು ಕೇಳಿದ ಹುಡುಗಿಗೆ ಮೇಷ್ಟ್ರ ಮೇಲೆ ನಮಗಿಂತ ಕಡಿಮೆ ಪ್ರೀತಿ ಏನೂ ಇರಲಿಲ್ಲ. ಅವರು ಪೂರ್ತಿ ಸತ್ಯವನ್ನು ತಾಳಿಕೊಳ್ಳಬಲ್ಲರು ಎಂಬ ನಂಬಿಕೆ ಅವಳಲ್ಲಿತ್ತು, ನಮ್ಮಲ್ಲಿರಲಿಲ್ಲ.

ಈಗ ಎರಡನೆಯ ಚಕ್ರ ಹಿಡಿದಿದ್ದೇವೆ. ಪ್ರೆಸ್ಸಿನ ಗೆಳೆಯ ಹೊಸ ನೋಟ್‌ಬುಕ್ಕು ಅಚ್ಚು ಹಾಕಿಸಿ ತಂದಿದ್ದಾನೆ. ಪ್ರತಿ ಪುಟದಲ್ಲೂ ಮೂರು ಕಂಬಸಾಲು: ಅಂಕಿ, ದಾರಿ, ಅನುಮಾನ. ಮೇಷ್ಟ್ರು ಬರುತ್ತಾರೆ. ಗೋಡೆಯ ಆ ಹಾಳೆಯನ್ನು ಅವರು ತೆಗೆದಿಲ್ಲವಂತೆ. ಮಕ್ಕಳು ತುಂಬಿದ ಚೌಕವನ್ನೂ ಅದರ ಪಕ್ಕದಲ್ಲೇ ತೂಗುಹಾಕಿದ್ದಾರೆ. ಎರಡರಲ್ಲೂ ಪಾವಗಡಕ್ಕೆ ಕೆಂಪು ಗೆರೆ ಇದೆ.

ಹೋದ ಭಾನುವಾರ ಒಂದು ಪದದ ಬಳಿ ತಡವರಿಸಿದೆವು. ಒಂದು ಅಂಕಿ ಬದಲಿಸಿದರೆ ಸೊಗಸಾದ ಅರ್ಥ ಬರುತ್ತಿತ್ತು. ಎಲ್ಲರಿಗೂ ಅದು ಬೇಕಾಗಿತ್ತು. ಮೂರನೆಯ ಕಂಬಸಾಲಿನಲ್ಲಿ ಬರೆದಿಟ್ಟು ಮುಂದಿನ ಮನೆಗೆ ಹೋದೆವು.